ಬಂಗಲೆ ಇದ್ದವರ ದೆವ್ವ ನಮಗ್ಯಾಕೆ?

ಶನಿವಾರ ರಾತ್ರಿ ಎಲ್ಲ ಸೇರಿ ಹಳೇ ಹಾರರ್ ಸಿನಿಮಾ ನೋಡೋಣ ಅಂತ ನಮ್ಮ ಗ್ರೂಪಲ್ಲಿ ಪಟ್ಟಿ ಓಡಾಡ್ತಿದೆ. 'ಪುರಾನಾ ಮಂದಿರ್', 'ಎಕ್ಸಾರ್ಸಿಸ್ಟ್', 'ನಾ ನಿನ್ನ ಬಿಡಲಾರೆ', 'ಆಪ್ತಮಿತ್ರ'. ನಾನು ಬೇರೆ ಮೂರು ಹೆಸರು ಹಾಕಿದ್ದಕ್ಕೆ ಎರಡು ಕಡೆಯಿಂದ ಮಾತು. "ಎಲ್ಲದಕ್ಕೂ ಜಾತಿ ತರ್ತೀಯಣ್ಣ, ಒಂದಿನ ಮಂಡಕ್ಕಿ ತಿನ್ಕೊಂಡು ಸಿನಿಮಾ ನೋಡೋಕೂ ಬಿಡಲ್ವಾ?" ಅಂತ ಒಬ್ಬ ತಮ್ಮ. "ಚಳವಳಿಯವರಿಗೆ ದೆವ್ವದ ಸಿನಿಮಾ ಯಾಕಪ್ಪ, ಮೂಢನಂಬಿಕೆ ಅಲ್ವಾ ಅದು?" ಅಂತ ಹಿರಿಯರೊಬ್ಬರು. ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ.

ಭಯ ಯಾರದ್ದು ಅನ್ನೋದು ಮೊದಲ ಪ್ರಶ್ನೆ. ನಮ್ಮ ಹಾರರ್ ಸಿನಿಮಾಗಳಲ್ಲಿ ದೆವ್ವ ಇರೋ ಮನೆ ನೋಡಿ. ಅರಮನೆ, ಹವೇಲಿ, ಎಸ್ಟೇಟ್ ಬಂಗಲೆ. ದೆವ್ವ ಕಾಡೋಕಾದ್ರೂ ಮೊದಲು ಒಂದು ಬಂಗಲೆ ಇರಬೇಕಲ್ಲ! ಮನೆ ಬಿಟ್ರೆ ಸ್ಮಶಾನ. ನಮ್ಮ ಅಪ್ಪ, ಅಜ್ಜಂದಿರಿಗೆ ಸ್ಮಶಾನ ಕೆಲಸದ ಜಾಗ ಕಣ್ರೀ. ಗುಂಡಿ ತೋಡಿದೋರು ನಾವು, ಹೆಣದ ಮುಂದೆ ತಮಟೆ ಬಡಿದೋರು ನಾವು, ಸಾವಿನ ಸುದ್ದಿ ಹೇಳೋಕೆ ರಾತ್ರೋರಾತ್ರಿ ಊರಿಂದೂರಿಗೆ ನಡೆದೋರು ನಾವು. ಸತ್ತೋರು ಯಾರೂ ನಮಗೆ ತೊಂದರೆ ಕೊಟ್ಟಿಲ್ಲ. ಬದುಕಿರೋರ ಕಥೆನೇ ಬೇರೆ.

'ಆಪ್ತಮಿತ್ರ' (2004) ನನಗೂ ಇಷ್ಟ. ಸೌಂದರ್ಯ ಅವರನ್ನ ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ. ಆದ್ರೆ ಕಥೆ ಬಿಡಿಸಿ ನೋಡಿ. ನಾಗವಲ್ಲಿ ಒಬ್ಬ ನರ್ತಕಿ. ರಾಜ ಅವಳನ್ನ ಅರಮನೆಗೆ ತಂದಿಟ್ಕೊಂಡ, ಅವಳನ್ನೂ ಅವಳು ಪ್ರೀತಿಸಿದವನನ್ನೂ ಕೊಂದ. ಕೊಲೆಗಾರ ರಾಜ, ಆದ್ರೆ ನಾವು ಹೆದರೋದು ನಾಗವಲ್ಲಿಗೆ. ಇದೆಲ್ಲ ಗಂಗಾಳ ಮನೋರೋಗ ಅಂತ ಸಿನಿಮಾದ ಡಾಕ್ಟರು ಹೇಳ್ತಾರೆ, ಸರಿ. ಕೊನೆಗೆ ನಾಗವಲ್ಲಿಯ ಕೈಗೆ ಸಿಗೋದೇನು? ರಾಜನ ಬದಲು ಒಂದು ಬೊಂಬೆ. ಡಾಕ್ಟರು, ಆಚಾರ್ಯರು ಸೇರಿ ಸಮಾಧಾನ ಮಾಡಿ ಕಳಿಸ್ತಾರೆ, ಮನೆ ಶುದ್ಧ! ಪರಿಹಾರದ ಚೆಕ್ ಕೊಟ್ಟು ಕೇಸ್ ಮುಚ್ಚೋದನ್ನ ನೋಡಿದೋರಿಗೆ ಈ ಕ್ಲೈಮ್ಯಾಕ್ಸ್ ಹೊಸದೇನಲ್ಲ. 'ಪುರಾನಾ ಮಂದಿರ್' (1984) ಬಗ್ಗೆ ಜಾಸ್ತಿ ಹೇಳಲ್ಲ, ಅಲ್ಲೂ ಶಾಪ ರಾಜಮನೆತನಕ್ಕೆ, ಕಾಪಾಡೋದು ತ್ರಿಶೂಲ.

ಈಗ ನನ್ನ ಮೂರು.

'ಫ್ರಾಂಕೆನ್‌ಸ್ಟೈನ್' (1931). ನಿರ್ದೇಶಕ ಜೇಮ್ಸ್ ವೇಲ್. ವಿಜ್ಞಾನಿಯೊಬ್ಬ ಹೆಣಗಳ ತುಂಡು ಜೋಡಿಸಿ ಮಾಡಿದ ಜೀವಕ್ಕೆ ಹೆಸರೇ ಇಲ್ಲ. ಶುರುವಿನ ಟೈಟಲ್‌ನಲ್ಲಿ ಆ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಹೆಸರಿನ ಜಾಗದಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ. ಹೂವಿನ ಥರ ತೇಲುತ್ತೆ ಅಂದ್ಕೊಂಡು ಅದು ಒಂದು ಮಗುವನ್ನ ನೀರಿಗೆ ಹಾಕುತ್ತೆ, ಮಗು ಸಾಯುತ್ತೆ. ಆಮೇಲೆ ಇಡೀ ಊರು ಪಂಜು ಹಿಡಿದು, ನಾಯಿ ಬಿಟ್ಟು ಅಟ್ಟಿಸ್ಕೊಂಡು ಹೋಗಿ, ಅದು ಅಡಗಿದ ವಿಂಡ್‌ಮಿಲ್‌ಗೆ ಬೆಂಕಿ ಇಡುತ್ತೆ. ವಿಚಾರಣೆ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ. ಊರೇ ಸೇರಿ ಬೆಂಕಿ ಇಡೋದು ನಿಮಗೆ ಸಿನಿಮಾ ಇರಬಹುದು. ನಮಗದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಮನೆಯೊಳಗೇ ಸುಟ್ಟರು. ಆರೋಪಿಗಳು ಖುಲಾಸೆ ಆದ್ರು.

'ಕ್ಯಾಂಡಿಮ್ಯಾನ್' (1992). ಗುಲಾಮನ ಮಗ, ಚಿತ್ರಕಾರ. ಬಿಳಿಯ ಜಮೀನ್ದಾರನ ಮಗಳ ಚಿತ್ರ ಬರೆಯೋಕೆ ಹೋದಾಗ ಇಬ್ಬರಿಗೂ ಪ್ರೀತಿ ಆಗುತ್ತೆ. ಅವಳಪ್ಪ ಗುಂಪು ಕಟ್ಟಿಸಿ ಅವನ ಕೈ ಗರಗಸದಲ್ಲಿ ಕೊಯ್ಸಿ, ಮೈಗೆ ಜೇನು ಸವರಿಸಿ, ಜೇನ್ನೊಣ ಬಿಟ್ಟು ಕೊಲ್ಲಿಸ್ತಾನೆ. ಇದನ್ನ ನಮಗೆ ಯಾರಾದ್ರೂ ಬಿಡಿಸಿ ಹೇಳಬೇಕಾ? ನಮ್ಮ ಪೇಪರಿನವರು ಇಂಥದ್ದಕ್ಕೆ 'ಮರ್ಯಾದೆ ಹತ್ಯೆ' ಅಂತ ಮರ್ಯಾದೆ ಕೊಟ್ಟು ಬರೀತಾರೆ. ಆದ್ರೆ ಈ ಸಿನಿಮಾ ಜೊತೆ ನನಗೆ ಜಗಳ ಇದೆ. ಬಿಳಿಯರು ಕೊಂದವನ ಆತ್ಮ ಬಂದು ಕಾಡೋದು ಶಿಕಾಗೋದ ಕ್ಯಾಬ್ರಿನಿ-ಗ್ರೀನ್ ಅನ್ನೋ ಬಡ ಕಪ್ಪುಜನರ ವಸತಿಯನ್ನ. ಕೊಂದೋರ ಮೊಮ್ಮಕ್ಕಳ ಮನೆ ವಿಳಾಸ ಅದಕ್ಕೆ ಸಿಗಲಿಲ್ವಾ? ಕಥೆ ಸಾಗೋದೂ ಬಿಳಿ ಸಂಶೋಧಕಿಯೊಬ್ಬಳ ಕಣ್ಣಲ್ಲೇ. ಕ್ಯಾಮೆರಾ ಹಿಡ್ಕೊಂಡು ಕೇರಿಗೆ ಬಂದು ಪಿಎಚ್‌ಡಿ ಮಾಡ್ಕೊಂಡು ಹೋದೋರನ್ನ ನಾವು ನೋಡಿದೀವಿ. ಅದಕ್ಕೇ ಇದನ್ನ ಒಟ್ಟಿಗೆ ಕೂತು, ಬೈಕೊಂಡು ನೋಡಬೇಕು.

ಮೂರನೇದು 'ನೈಟ್ ಆಫ್ ದಿ ಲಿವಿಂಗ್ ಡೆಡ್', ಜಾರ್ಜ್ ರೊಮೆರೊ ನಿರ್ದೇಶನ, 1968ರ ಅಕ್ಟೋಬರ್‌ನಲ್ಲಿ ಬಿಡುಗಡೆ. ಮಾರ್ಟಿನ್ ಲೂಥರ್ ಕಿಂಗ್‌ ಅವರನ್ನ ಕೊಂದು ಇನ್ನೂ ಆರು ತಿಂಗಳಾಗಿತ್ತು. ಸತ್ತೋರು ಎದ್ದು ಬಂದು ಬದುಕಿರೋರನ್ನ ತಿಂತಿದ್ದಾರೆ. ಒಂದು ಮನೆಯೊಳಗೆ ಏಳು ಜನ ಸಿಕ್ಕಿಹಾಕ್ಕೊಂಡಿದ್ದಾರೆ. ಅವರಲ್ಲಿ ಬೆನ್ ಒಬ್ಬನೇ ಕಪ್ಪುಮನುಷ್ಯ. ಪಾತ್ರ ಡ್ವೇನ್ ಜೋನ್ಸ್ ಅವರದ್ದು. ಬಾಗಿಲು ಕಿಟಕಿಗೆ ಹಲಗೆ ಹೊಡೆಯೋನು ಅವನೇ, ಬುದ್ಧಿ ಓಡಿಸೋನೂ ಅವನೇ. ಅವನ ಮಾತು ಕೇಳೋಕೆ ಒಬ್ಬ ಬಿಳಿ ಯಜಮಾನನಿಗೆ ಮಾತ್ರ ಮನಸ್ಸಿಲ್ಲ. ರಾತ್ರಿಯೆಲ್ಲ ಹೋರಾಡಿ ಬೆಳಗ್ಗೆ ತನಕ ಉಳಿಯೋನು ಬೆನ್ ಒಬ್ಬನೇ. ಅಷ್ಟೊತ್ತಿಗೆ ಪೊಲೀಸರ ಜೊತೆ ಬಂದೂಕು ಹಿಡಿದ ಬಿಳಿಯರ ಗುಂಪು ಬರುತ್ತೆ. ಕಿಟಕಿಯಲ್ಲಿ ಕಂಡ ಬೆನ್‌ನನ್ನ ದೆವ್ವ ಅಂದ್ಕೊಂಡು ಹಣೆಗೆ ಗುಂಡು ಹೊಡೆಯುತ್ತೆ. ಸತ್ತೋರಿಂದ ಬಚಾವಾದೋನು ಬದುಕಿರೋರ ಕೈಯಲ್ಲಿ ಸಾಯ್ತಾನೆ.

ಅದೇ 1968ರ ಡಿಸೆಂಬರ್ 25. ತಮಿಳುನಾಡಿನ ಕೀಳ್ವೆಣ್ಮಣಿ. ಭತ್ತದ ಕೂಲಿ ಜಾಸ್ತಿ ಕೇಳಿದ ದಲಿತರ ಮೇಲೆ ಜಮೀನ್ದಾರರ ಗುಂಪು ಬಿತ್ತು. ಹೆಂಗಸರು, ಮಕ್ಕಳು, ಮುದುಕರು ಒಂದು ಗುಡಿಸಲೊಳಗೆ ಸೇರ್ಕೊಂಡ್ರು. ಗುಡಿಸಲಿಗೆ ಬೆಂಕಿ ಇಟ್ರು. 44 ಜನ. ಆಮೇಲೆ ಹೈಕೋರ್ಟ್ ಏನಂತು ಗೊತ್ತಾ? ಕಾರು, ಜಮೀನು ಇರೋ ದೊಡ್ಡ ಮನುಷ್ಯರು ಖುದ್ದಾಗಿ ನಡ್ಕೊಂಡು ಹೋಗಿ ಬೆಂಕಿ ಇಟ್ರು ಅಂದ್ರೆ ನಂಬೋದು ಕಷ್ಟ ಅಂತ. ದೆವ್ವ ಇದೆ ಅಂತ ನಂಬೋದು ಮೂಢನಂಬಿಕೆ ಸರಿ, ಶ್ರೀಮಂತ ಕೊಲೆ ಮಾಡಲ್ಲ ಅಂತ ನಂಬೋದು ಏನು ಸಾರ್?

ನಮ್ಮ ಹುಡುಗರಿಗೆ ಭಯದ ಸಿನಿಮಾ ಬೇಕು. ಭಯ ಪಡೋದು ಹೇಡಿತನ ಅಂತ ಭಾಷಣ ಕೇಳಿ ಕೇಳಿ, ಹೊಸ ಊರಲ್ಲಿ ಬಾಡಿಗೆ ಮನೆ ಕೇಳುವಾಗ, ಹೆಸರಿನ ಮುಂದಿನ ಪ್ರಶ್ನೆ ಬರುವಾಗ ಎದೆಯಲ್ಲಾಗೋ ಢವಢವವನ್ನ ಯಾರ ಹತ್ರಾನೂ ಹೇಳ್ಕೊಳ್ಳದೆ ಇದಾರೆ. ಕತ್ತಲಲ್ಲಿ ಹತ್ತು ಜನ ಒಟ್ಟಿಗೆ ಕೂತು ಒಂದ್ಸಲ ಕಿರುಚಲಿ ಬಿಡಿ.

ಮೂರೂ ಸೇರಿ ಸುಮಾರು ನಾಲ್ಕೂವರೆ ಗಂಟೆ. ಹಾಸ್ಟೆಲ್‌ಗಳಲ್ಲಿ ತೋರಿಸೋರು ರೊಮೆರೊ ಸಿನಿಮಾನೇ ಮೊದಲು ಹಾಕಿ. ಹೆಸರು ಬದಲಾಯಿಸುವಾಗ ಕಾಪಿರೈಟ್ ಸಾಲು ಬಿಟ್ಟುಹೋಗಿ ಅಮೆರಿಕದಲ್ಲಿ ಅದು ಸಾರ್ವಜನಿಕರ ಆಸ್ತಿ ಆಗಿಬಿಡ್ತು, ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತೆ. ಬೆನ್‌ಗೆ ಗುಂಡು ಬಿದ್ದ ಮೇಲೂ ಸಿನಿಮಾ ಮುಗಿದಿರಲ್ಲ. ಕೊಕ್ಕೆ ಹಾಕಿ ಅವನ ಹೆಣ ಎಳೆಯೋ ಫೋಟೋಗಳು ಒಂದೊಂದಾಗಿ ಬರ್ತವೆ. ಅದು ಮುಗಿಯೋ ತನಕ ಯಾರೂ ಲೈಟ್ ಹಾಕಬೇಡಿ.

ಜೈಭೀಮ್.