ಸೋಗೆಯ ಹಸಿರು ಎಲ್ಲಿಗೆ ಹೋಯಿತು?



ಕಳೆದ ವರ್ಷಕ್ಕಿಂತ ಹಿಂದಿನ ವರ್ಷದ ಮಾತು. ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ಮಳೆ ಬಿಟ್ಟಿತ್ತು. ಆರನೇ ಕ್ಲಾಸಿನ ಮೊಮ್ಮಗಳಿಗೆ ಎಳೆದು ಆಡಲು ಒಂದು ಅಡಿಕೆ ಹಾಳೆ ಬೇಕಿತ್ತು. ಅವಳ ಜೊತೆ ತೋಟಕ್ಕೆ ಇಳಿದೆ. ಹಾಳೆ ಸಿಕ್ಕಿತು. ಅವಳು ಅದನ್ನು ಎತ್ತಿಕೊಂಡು ಮೇಲೆ ನೋಡಿದಳು.

"ಅಜ್ಜ, ಈ ಮರಗಳ ಅಡಿಯ ಸೋಗೆ ಎಂತಕ್ಕೆ ಹಳದಿ?"

ನಾನೂ ತಲೆ ಎತ್ತಿದೆ. ಎದೆ ಧಸಕ್ಕೆಂದಿತು. ಒಂದು ಮರವಲ್ಲ, ಕೆಳಗಿನ ತೋಟದ ಸಾಲಿಗೆ ಸಾಲೇ ಹಾಗಿತ್ತು. ಮೇಲಿನ ಸೋಗೆಗಳು ಹಸಿರು, ಅಡಿಯವು ಹಳದಿ.

ಸುಳ್ಯದ ಕಡೆಯವರಿಗೆ ಈ ಹೆದರಿಕೆಯನ್ನು ವಿವರಿಸಬೇಕಾಗಿಲ್ಲ. ಅಡಿಕೆಯ ಹಳದಿ ಎಲೆ ರೋಗ ಮೊದಲು ವರದಿಯಾದದ್ದು 1914ರಲ್ಲಿ, ಕೇರಳದಲ್ಲಿ. ಆಮೇಲೆ ಅದು ನಮ್ಮ ಸಂಪಾಜೆ, ಅರಂತೋಡು, ತೊಡಿಕಾನದ ತೋಟಗಳಿಗೂ, ಘಟ್ಟದ ಮೇಲೆ ಶೃಂಗೇರಿ, ಕೊಪ್ಪದ ತೋಟಗಳಿಗೂ ಬಂತು. ಅಡಿಕೆಯನ್ನೇ ನಂಬಿದ್ದ ಎಷ್ಟೋ ಮನೆಗಳು ಬೇರೆ ಬೆಳೆಗೆ ತಿರುಗಬೇಕಾಯಿತು. ಬಂದ ರೋಗವನ್ನು ಹೋಗಲಾಡಿಸುವ ಮದ್ದು ಇವತ್ತಿಗೂ ಇಲ್ಲ.

ಸಂಜೆ ಆಚೆ ಮನೆಯವರು ಬಂದು ನೋಡಿದರು. "ಇದು ಅದೇ ಭಾವ. ಇನ್ನು ಗೊಬ್ಬರ ಹಾಕಿ ದುಡ್ಡು ಹಾಳು ಮಾಡಬೇಡಿ. ಕಡಿದು ರಬ್ಬರ್ ಇಡುವುದು ಒಳ್ಳೆಯದು" ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆ ಮರಗಳನ್ನು ನೆಟ್ಟವರು ನನ್ನ ಅಪ್ಪ.

ಮೊಮ್ಮಗಳ ಪ್ರಶ್ನೆ ಮಾತ್ರ ಮುಗಿದಿರಲಿಲ್ಲ. "ಅಲ್ಲ ಅಜ್ಜ, ಮೊದಲು ಹಸಿರು ಇತ್ತಲ್ಲ, ಅದು ಎಲ್ಲಿಗೆ ಹೋಯ್ತು?"

ಈ ವಾರ ಆ ಪ್ರಶ್ನೆಗೇ ಉತ್ತರ ಹುಡುಕೋಣ.

ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು. ಸೂರ್ಯನ ಬೆಳಕನ್ನು ಹಿಡಿದು, ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಮಾಡುವ ಕೆಲಸಕ್ಕೆ ಅದು ಬೇಕೇ ಬೇಕು. ಇಷ್ಟನ್ನು ನಿಮ್ಮ ಪಾಠಪುಸ್ತಕವೂ ಹೇಳುತ್ತದೆ. ಅದರ ಒಂದು ಅಣು ನೋಡಲು ಹೇಗಿರುತ್ತದೆ ಗೊತ್ತೇ? ಬಾಲ ಇರುವ ಗಾಳಿಪಟದ ಹಾಗೆ! ಬಾಲ ಎಂದರೆ ಇಂಗಾಲದ ಉದ್ದ ಸರಪಳಿ. ಅದಕ್ಕೆ ಎಣ್ಣೆಯ ಗುಣ, ನೀರಿನಲ್ಲಿ ಕರಗುವುದಿಲ್ಲ. ತಲೆ ಎಂದರೆ ಒಂದು ಚಪ್ಪಟೆ ಬಳೆ. ಬಳೆಯ ಒಳಗೆ ನಾಲ್ಕು ಸಾರಜನಕದ ಪರಮಾಣುಗಳು, ಆ ನಾಲ್ಕರ ನಟ್ಟನಡುವೆ ಒಂದು ಮೆಗ್ನೀಸಿಯಂ.

ಪತ್ರಹರಿತ್ತಿನಲ್ಲಿ 'ಎ', 'ಬಿ' ಎಂಬ ಎರಡು ಬಗೆ ನಮ್ಮ ಗಿಡಮರಗಳಲ್ಲಿ ಇವೆ. 'ಎ' ಬಗೆಯ ಒಂದು ಅಣುವಿನ ಪರಮಾಣುಗಳನ್ನು ಲೆಕ್ಕ ಮಾಡಿ: ಇಂಗಾಲ 55, ಜಲಜನಕ 72, ಆಮ್ಲಜನಕ 5, ಸಾರಜನಕ 4, ಮೆಗ್ನೀಸಿಯಂ 1. ಒಟ್ಟು 137. ಅಷ್ಟರಲ್ಲಿ ಮೆಗ್ನೀಸಿಯಂ ಒಂದೇ ಒಂದು. ನಮ್ಮ ರಕ್ತದ ಕೆಂಪಿನಲ್ಲೂ ಇಂಥದೇ ಒಂದು ಬಳೆ ಇದೆ. ಅದರ ನಡುವೆ ಮೆಗ್ನೀಸಿಯಂ ಬದಲು ಕಬ್ಬಿಣ ಕೂತಿರುತ್ತದೆ. ಈ ಎರಡು ಬಳೆಗಳ ರಚನೆ ತಿಳಿಸಿದ ಜರ್ಮನಿಯ ಹಾನ್ಸ್ ಫಿಷರ್ ಅವರಿಗೆ 1930ರಲ್ಲಿ ನೊಬೆಲ್ ಬಹುಮಾನ ಬಂತು.

ನಡುವಿನ ಆ ಒಂದು ಪರಮಾಣು ಹೋದರೆ ಏನಾಗುತ್ತದೆ? ಇದನ್ನು ಅಜ್ಜಿಯಂದಿರು ದಿನಾ ನೋಡಿರುತ್ತಾರೆ. ಹಸಿರು ಹರಿವೆ ಸೊಪ್ಪು ಬೇಯುವಾಗ ಹುಣಸೆಹುಳಿ ಹಾಕಿ ಕುದಿಸಿ. ಎಳೆ ಹಸಿರು ಹೋಗಿ ಮಂಕು ಕಂದು ಬರುತ್ತದೆ. ಹುಳಿಯಲ್ಲಿರುವ ಜಲಜನಕವು ಬಳೆಯ ನಡುವಿನ ಮೆಗ್ನೀಸಿಯಂ ಅನ್ನು ಹೊರಗೆ ತಳ್ಳಿ ತಾನು ಒಳಗೆ ಸೇರುತ್ತದೆ. 137ರಲ್ಲಿ ಒಂದು ಹೊರಗೆ ಹೋದದ್ದಕ್ಕೆ ಪಾತ್ರೆಯ ಬಣ್ಣವೇ ಬದಲು!

ಆದರೆ ಒಳ್ಳೆಯ ಅಣು ಇದ್ದರಷ್ಟೇ ಸಾಲದು, ಅವು ನಿಲ್ಲುವ ರೀತಿಯೂ ಸರಿ ಇರಬೇಕು. ಇದು ಕಥೆಯ ಅರ್ಧ ಭಾಗ.

ಮಳೆಗಾಲಕ್ಕೆ ಮೊದಲು ಹಳೆ ಮನೆಯ ಮಾಡಿಗೆ ಹೊಸ ಹಂಚು ಹೊದೆಸುವುದನ್ನು ಅಜ್ಜಂದಿರು ನೆನಪು ಮಾಡಿಕೊಳ್ಳಿ. ಅಂಗಳದಿಂದ ಏಣಿಯವರೆಗೆ, ಏಣಿಯಿಂದ ಮಾಡಿನವರೆಗೆ ಜನ ಸಾಲಾಗಿ ನಿಲ್ಲುತ್ತಿದ್ದರು. ಹಂಚು ಕೈಯಿಂದ ಕೈಗೆ ಹೋಗುತ್ತಿತ್ತು. ಇಬ್ಬರ ನಡುವೆ ಅಂತರ ಜಾಸ್ತಿಯಾದರೆ ಕೈ ಎಟುಕುವುದಿಲ್ಲ. ತೀರಾ ಹತ್ತಿರ ಗುಂಪುಗೂಡಿದರೆ ಮೊಣಕೈ ತಾಗಿ ಹಂಚು ಕೆಳಗೆ ಬೀಳುತ್ತದೆ. ಅಳತೆಯಲ್ಲಿ ನಿಂತರೆ ಮಾತ್ರ ಹಂಚು ಮಾಡು ಸೇರುತ್ತದೆ.

ಎಲೆಯೊಳಗೆ ನಡೆಯುವುದೂ ಇದೇ. ಒಂದು ಪತ್ರಹರಿತ್ತು ಬೆಳಕನ್ನು ಹಿಡಿದರೆ ಸಕ್ಕರೆಯ ಕೆಲಸ ಅಲ್ಲೇ ಶುರುವಾಗುವುದಿಲ್ಲ. ಹಿಡಿದ ಶಕ್ತಿಯನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ, ಅದು ಅದರ ಪಕ್ಕದ್ದಕ್ಕೆ. ಹೀಗೆ ನೂರಾರು ಅಣುಗಳು ಹಿಡಿದ ಬೆಳಕು ಒಂದು ಕೇಂದ್ರಕ್ಕೆ ತಲುಪುತ್ತದೆ. ಕೆಲಸ ಶುರುವಾಗುವುದು ಅಲ್ಲಿ. ಅಣುಗಳು ಎಷ್ಟು ದೂರದಲ್ಲಿ, ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಎಂಬುದನ್ನು ಪ್ರೋಟೀನುಗಳು ಹಿಡಿದು ನಿಲ್ಲಿಸಿರುತ್ತವೆ. ನಡುವಿನ ಅಂತರ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಪ್ರೋಟೀನಿನ ಹಿಡಿತ ತಪ್ಪಿ ಅಣುಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ, ಹಿಡಿದ ಬೆಳಕು ಬಿಸಿಯಾಗಿ ವ್ಯರ್ಥವಾಗುತ್ತದೆ. ಮೊಣಕೈ ತಾಗಿ ಹಂಚು ಬಿದ್ದ ಹಾಗೆ.

ಈ ನಿಯಮ ಮೀರಿದ ಜೀವಿಯೂ ಉಂಟು. ಹಸಿರು ಗಂಧಕ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬೆಳಕು ತೀರಾ ಕಡಿಮೆ ಇರುವ ಆಳದ ನೀರಿನಲ್ಲಿ ಬದುಕುತ್ತವೆ. ಪತ್ರಹರಿತ್ತಿನ ದಾಯಾದಿ ಅಣುಗಳು ಅವುಗಳಲ್ಲಿವೆ. ಅಲ್ಲಿ ನಿಲ್ಲಿಸುವ ಪ್ರೋಟೀನು ಇಲ್ಲ, ಅಣುಗಳೇ ಒಂದನ್ನೊಂದು ಹಿಡಿಯುತ್ತವೆ. ಒಂದರ ಮೆಗ್ನೀಸಿಯಂ ಇನ್ನೊಂದರ ಆಮ್ಲಜನಕವನ್ನು ಹಿಡಿದು, ಸುತ್ತಿಟ್ಟ ಚಾಪೆಯ ಹಾಗೆ ಸುರುಳಿಯಾಗುತ್ತವೆ. ಒಂದೊಂದು ಚೀಲದಲ್ಲಿ ಇಂಥ ಅಣುಗಳು ಲಕ್ಷಕ್ಕೂ ಮಿಕ್ಕಿ! ಅಲ್ಲೂ ಅದು ಬರೀ ಗುಂಪಲ್ಲ, ಕ್ರಮ ತಪ್ಪದ ಜೋಡಣೆ. ಹಾಗಾಗಿಯೇ ಬೆಳಕು ವ್ಯರ್ಥವಾಗುವುದಿಲ್ಲ.

ನಮ್ಮ ತೋಟದಲ್ಲೂ ಕಡಿಮೆ ಬೆಳಕಿನಲ್ಲಿ ಬದುಕುವವರಿದ್ದಾರೆ. ಅಡಿಕೆಯ ನೆರಳಿನ ಕೊಕ್ಕೋ, ಮರಕ್ಕೆ ಹಬ್ಬಿದ ಕಾಳುಮೆಣಸು. ನೆರಳಿನ ಎಲೆಗಳಲ್ಲಿ ಬೆಳಕು ಹಿಡಿಯುವ ಅಣುಗಳ ಸಾಲು ದೊಡ್ಡದಾಗುತ್ತದೆ, 'ಬಿ' ಬಗೆಯ ಪಾಲು ಹೆಚ್ಚುತ್ತದೆ. ಕೊಕ್ಕೋ ನೆರಳಿನಲ್ಲೇ ಹಣ್ಣು ಬಿಟ್ಟು, 1986ರಲ್ಲಿ ಶುರುವಾದ ಪುತ್ತೂರಿನ ಕ್ಯಾಂಪ್ಕೋ ಕಾರ್ಖಾನೆಗೆ ಬೀಜ ಕೊಡುವುದರ ಹಿಂದೆ ಈ ಹೊಂದಾಣಿಕೆಯೂ ಉಂಟು.

ಈಗ ನಮ್ಮ ಸೋಗೆಗೆ ಬರೋಣ.

ಹಳದಿ ಬಣ್ಣ ಹೊಸದಾಗಿ ಬಂದದ್ದಲ್ಲ. ಎಲೆಯಲ್ಲಿ ಹಳದಿ ವರ್ಣಗಳು ಮೊದಲೇ ಇರುತ್ತವೆ, ಹಸಿರಿನ ಅಡಿ ಮರೆಯಾಗಿರುತ್ತವೆ. ಹಸಿರು ಹೋದಾಗ ಅವು ಕಾಣುತ್ತವೆ. ಹಾಗಾದರೆ ಹಸಿರು ಯಾಕೆ ಹೋಗುತ್ತದೆ? ಕಾರಣ ಹಲವು. ನೀರು ನಿಂತು ಬೇರು ಕೆಟ್ಟರೂ ಹೋಗುತ್ತದೆ. ನಮ್ಮಲ್ಲಿ ಮುಖ್ಯವಾಗಿ ತಿಳಿಯಬೇಕಾದವು ಎರಡು.

ಒಂದು, ಮೆಗ್ನೀಸಿಯಂ ಕೊರತೆ. ಪುತ್ತೂರು, ಸುಳ್ಯ, ಕಡಬಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಮಳೆ. ನಮ್ಮದು ಕೆಂಪುಕಲ್ಲಿನ ಹುಳಿ ಮಣ್ಣು. ಹುಣಸೆಹುಳಿ ಪಾತ್ರೆಯಲ್ಲಿ ಮಾಡಿದ್ದನ್ನೇ ಈ ಹುಳಿ ಮಣ್ಣಿನಲ್ಲಿ ಮಾಡುತ್ತದೆ. ಮಣ್ಣಿನ ಕಣ ಹಿಡಿದುಕೊಂಡ ಮೆಗ್ನೀಸಿಯಂ ಅನ್ನು ಜಲಜನಕ ಹೊರಗೆ ತಳ್ಳುತ್ತದೆ. ಮಳೆನೀರು ಅದನ್ನು ತೋಡಿಗೆ, ತೋಡು ಹೊಳೆಗೆ ಸಾಗಿಸುತ್ತದೆ. ಬೇರಿಗೆ ಸಿಗದಾಗ ಮರ ಏನು ಮಾಡುತ್ತದೆ? ಅಡಿಯ ಹಳೆ ಸೋಗೆಗಳ ಪತ್ರಹರಿತ್ತನ್ನು ಬಿಚ್ಚಿ, ಅದರ ಮೆಗ್ನೀಸಿಯಂ ಅನ್ನು ತುದಿಯ ಎಳೆ ಸೋಗೆಗೆ ಕಳಿಸುತ್ತದೆ. ಮೊಮ್ಮಗಳು ಕೇಳಿದ್ದಕ್ಕೆ ಉತ್ತರ ಇದೇ: ಅಡಿಯ ಹಸಿರಿನ ಒಂದು ಪಾಲು ಮೇಲಕ್ಕೆ ಹೋಯಿತು.

ಎರಡು, ಹಳದಿ ಎಲೆ ರೋಗ. ಇದರ ಹಿಂದೆ ಇರುವುದು ಫೈಟೋಪ್ಲಾಸ್ಮಾ ಎಂಬ, ಕೋಶಗೋಡೆ ಇಲ್ಲದ ಸೂಕ್ಷ್ಮಜೀವಿ. ರಸ ಹೀರುವ ಒಂದು ಸಣ್ಣ ಜಿಗಿಹುಳ ಅದನ್ನು ಮರದಿಂದ ಮರಕ್ಕೆ ಹರಡುತ್ತದೆ. ಎಲೆ ಮಾಡಿದ ಸಕ್ಕರೆ ಸಾಗುವ ನಾಳಗಳಲ್ಲಿ ಅದು ಮನೆ ಮಾಡುತ್ತದೆ. ದಾರಿ ಕೆಟ್ಟರೆ ಎಲೆಯ ಹಸಿರೂ ಕೆಡುತ್ತದೆ. ತೊಂದರೆ ಏನೆಂದರೆ, ಈ ರೋಗದಲ್ಲೂ ಹೊರಸುತ್ತಿನ ಎರಡು ಮೂರು ಸೋಗೆಗಳ ತುದಿಯೇ ಮೊದಲು ಹಳದಿಯಾಗುವುದು. ದೂರದಿಂದ ನೋಡಿದರೆ ಎರಡೂ ಒಂದೇ ಹಾಗೆ ಕಾಣುತ್ತದೆ. ಆದರೆ ರೋಗದ ಮರದ ಬೇರಿನ ತುದಿ ಕೊಳೆತಿರುತ್ತದೆ. ಕಾಯಿ ಉದುರುತ್ತದೆ. ಕಾಯಿ ಸೀಳಿದರೆ ಒಳಗಿನ ಅಡಿಕೆ ಮೆತ್ತಗೆ, ಕಪ್ಪಾಗಿ ಇರುತ್ತದೆ.

ಮರುದಿನ ಬೆಳಗ್ಗೆ ಕತ್ತಿ ಹಿಡಿದು ಹೋದೆ, ಮರ ಕಡಿಯಲು ಅಲ್ಲ, ಕಾಯಿ ಸೀಳಲು. ಮೊಮ್ಮಗಳು ಒಂದೊಂದು ಮರದ ಲೆಕ್ಕ ಪುಸ್ತಕದಲ್ಲಿ ಬರೆದಳು. ಹಳದಿ ಕಂಡದ್ದು 42 ಮರಗಳಲ್ಲಿ. 39ರ ಕಾಯಿ ಒಳಗೆ ಗಟ್ಟಿ, ಚೊಕ್ಕ. ತೋಡಿನ ಬದಿಯ ಮೂರು ಮರಗಳ ಕಾಯಿ ಮಾತ್ರ ಒಳಗೆ ಕಪ್ಪು.

ಕಾಯಿ ನೋಡಿ ನಾವೇ ತೀರ್ಪು ಕೊಡುವ ಹಾಗಿಲ್ಲ. ಮಣ್ಣು ಮತ್ತು ಸೋಗೆಯನ್ನು ಪರೀಕ್ಷೆಗೆ ಕೊಟ್ಟೆವು. ವರದಿ ಬಂತು: ಮಣ್ಣಿನಲ್ಲಿ ಹುಳಿ ಹೆಚ್ಚು, ಮೆಗ್ನೀಸಿಯಂ ಕಡಿಮೆ. ವರದಿಯಲ್ಲಿ ಬರೆದ ಅಳತೆಯಲ್ಲೇ ಡಾಲೋಮೈಟ್ ಸುಣ್ಣ, ಮೆಗ್ನೀಸಿಯಂ ಸಲ್ಫೇಟ್ ಹಾಕಿದೆವು. ಕಣಿ ಬಿಡಿಸಿ ನೀರು ಹೋಗುವ ಹಾಗೆ ಮಾಡಿದೆವು. ಹಳದಿಯಾದ ಸೋಗೆಗಳು ಹಸಿರಾಗಲಿಲ್ಲ, ಬಿದ್ದುಹೋದವು. ಮರುವರ್ಷ ಅಡಿಯ ಸುತ್ತಿನಲ್ಲೂ ಹಸಿರು ನಿಂತಿತು. ತೋಡಿನ ಬದಿಯ ಮೂರು ಮರಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ. ಅವನ್ನು ಕಡಿದೆವು. ಮೂರು ಹೋದದ್ದು ಬೇಸರವೇ. ಆದರೆ ಮೊದಲ ದಿನದ ಹೆದರಿಕೆಯಲ್ಲಿ ಕತ್ತಿ ಎತ್ತಿದ್ದರೆ 42ನ್ನೂ ಕಡಿಯುತ್ತಿದ್ದೆ.

ರೋಗದ ಮೇಲೆ ಕೆಲಸವೂ ನಡೆಯುತ್ತಿದೆ. ಕಾಸರಗೋಡಿನ ಸಿಪಿಸಿಆರ್‌ಐಗೆ ಸೇರಿದ, 1956ರಲ್ಲಿ ಆರಂಭವಾದ ವಿಟ್ಲದ ಕೇಂದ್ರ ಅಡಿಕೆಯ ಮೇಲೆ ಸಂಶೋಧನೆ ಮಾಡುತ್ತದೆ. ಹಳದಿ ತುಂಬಿದ ತೋಟಗಳ ನಡುವೆಯೂ ಹಸಿರಾಗಿಯೇ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ಸಸಿ ಬೆಳೆಸುವ ಪ್ರಯತ್ನ ವಿಜ್ಞಾನಿಗಳದ್ದು. ನಿಮ್ಮ ತೋಟದಲ್ಲಿ ಹಳದಿ ಕಂಡರೆ ಕತ್ತಿಗಿಂತ ಮೊದಲು ಅಂಥವರನ್ನು ಕೇಳಿ.

ಈ ವಾರದ ಕೆಲಸ

ಇದನ್ನು ಅಜ್ಜನೋ ಅಜ್ಜಿಯೋ ಜೊತೆಗಿದ್ದಾಗಲೇ ಮಾಡಿ. ಒಂದು ಮುಷ್ಟಿ ನುಗ್ಗೆ ಸೊಪ್ಪು ಅಥವಾ ಪಾಲಕನ್ನು ಜಜ್ಜಿ, ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅರ್ಧ ಗಂಟೆ ನೆನೆಸಿ. ಬಸಳೆ ಬೇಡ, ಲೋಳೆಯಾಗುತ್ತದೆ. ಒಲೆ, ದೀಪ, ಬೆಂಕಿಕಡ್ಡಿ ಯಾವುದೂ ಹತ್ತಿರ ಇರಬಾರದು, ಸ್ಪಿರಿಟ್‌ಗೆ ಬೇಗ ಬೆಂಕಿ ಹಿಡಿಯುತ್ತದೆ. ಬಾಯಿಗೂ ಹಾಕಬಾರದು. ಹಸಿರು ರಸವನ್ನು ಸೋಸಿ ಎರಡು ಗಾಜಿನ ಲೋಟಗಳಿಗೆ ಸ್ವಲ್ಪ ಸ್ವಲ್ಪ ಹಾಕಿ. ಕತ್ತಲೆ ಕೋಣೆಯಲ್ಲಿ ಒಂದು ಲೋಟಕ್ಕೆ ಟಾರ್ಚ್ ಹಿಡಿದು ಬದಿಯಿಂದ ನೋಡಿ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಇದ್ದರೆ ಇನ್ನೂ ಚೆನ್ನ, ಅದನ್ನು ಕಣ್ಣಿಗೆ ಮಾತ್ರ ಹಿಡಿಯಬೇಡಿ. ಹಸಿರು ರಸ ಕೆಂಪಾಗಿ ಹೊಳೆಯುತ್ತದೆ! ಅಣು ಬೆಳಕನ್ನು ಹಿಡಿದಿದೆ, ದಾಟಿಸಲು ಕೇಂದ್ರ ಇಲ್ಲ. ಹಾಗಾಗಿ ಕೆಂಪು ಬೆಳಕಾಗಿ ಹೊರಗೆ ಬಿಡುತ್ತಿದೆ.

ಈಗ ಎರಡನೇ ಲೋಟಕ್ಕೆ ರಸದ ಮೂರರಷ್ಟು ನೀರು ಹಾಕಿ. ಮೊದಲನೆಯದಕ್ಕೆ ಅಷ್ಟೇ ಸ್ಪಿರಿಟ್ ಹಾಕಿ, ಎರಡೂ ಸಮ ತೆಳುವಾಗಲಿ. ಮತ್ತೆ ಟಾರ್ಚ್ ಹಿಡಿಯಿರಿ. ನೀರಿನ ಲೋಟದಲ್ಲಿ ಕೆಂಪು ಮಂಕಾಗಿರುತ್ತದೆ. ಎಣ್ಣೆ ಬಾಲದ ಅಣುಗಳು ನೀರಿಗೆ ಹೆದರಿ ಒಂದಕ್ಕೊಂದು ಅಂಟಿ ಮುದ್ದೆಯಾದವು. ಬೆಳಕು ಬಿಸಿಯಾಗಿ ಹೋಯಿತು. ಮೊಣಕೈ ತಾಗಿ ಹಂಚು ಬಿತ್ತು.

ನಾವೂ ಮನೆಯಲ್ಲಿ ಇದನ್ನು ಮಾಡಿ ನೋಡಿದೆವು. ಕೆಂಪು ಹೊಳಪು ಕಂಡಾಗ ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅಜ್ಜ, ಹಳದಿ ಸೋಗೆಯ ರಸ ಮಾಡಿದರೆ ಎಷ್ಟು ಕೆಂಪು ಬರ್ತದೆ?"

ಸೋಗೆ ತರಲು ಇಬ್ಬರೂ ತೋಟಕ್ಕೆ ಹೋದೆವು. ನೀವೂ ಮಾಡಿ ನೋಡಿ, ಕಂಡದ್ದನ್ನು ಬರೆದಿಡಿ. ಮುಂದಿನ ವಾರ ಸಿಗೋಣ.