ಅಳತೆಯರಿಯದ ದಾನ

ಬಡ ವೃದ್ಧರಿಗೆ ಊರುಗೋಲು, ಗಾಲಿಕುರ್ಚಿ, ಶ್ರವಣಸಾಧನಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ನೀಡುವ ‘ರಾಷ್ಟ್ರೀಯ ವಯೋಶ್ರೀ ಯೋಜನೆ’ 2017ರಲ್ಲಿ ಆರಂಭವಾಯಿತು. ಉದ್ದೇಶ ಸ್ತುತ್ಯರ್ಹ. ಆದರೆ ಕೊಟ್ಟ ಮಾತ್ರಕ್ಕೆ ಕೊರತೆ ನೀಗಿತೆಂದು ಭಾವಿಸುವುದು ತರ್ಕದೋಷ. ಸಾಧನವು ಸ್ವತಃ ಗುರಿಯಲ್ಲ. ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಅದೊಂದು ಉಪಾಧಿ.

ಮಣಿಕಟ್ಟಿನ ಮಟ್ಟಕ್ಕೆ ಬಾರದ ಗಿಡ್ಡ ಊರುಗೋಲು ಬೆನ್ನನ್ನು ಬಾಗಿಸುತ್ತದೆ. ಅಗಲ ಹೆಚ್ಚಾದ ಗಾಲಿಕುರ್ಚಿ ಬಾಗಿಲಲ್ಲೇ ನಿಲ್ಲುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ತಕ್ಕ ಮೆತ್ತೆಯಿಲ್ಲದಿದ್ದರೆ ಒತ್ತುಹುಣ್ಣು ತರುತ್ತದೆ. ಶ್ರವಣಪರೀಕ್ಷೆಗೆ ಅನುಗುಣವಾಗಿ ಹೊಂದಿಸದ ಯಂತ್ರ ಮಾತಿನೊಡನೆ ಗದ್ದಲವನ್ನೂ ಹೆಚ್ಚಿಸಿ, ಕೊನೆಗೆ ಕಪಾಟು ಸೇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2008ರ ಗಾಲಿಕುರ್ಚಿ ಮಾರ್ಗಸೂಚಿ ಎಂಟು ಹಂತಗಳನ್ನು ಸೂಚಿಸಿತು. ಅಗತ್ಯದ ಪರಿಶೀಲನೆ, ದೇಹಕ್ಕೆ ಹೊಂದಿಸುವಿಕೆ, ತರಬೇತಿ, ನಂತರದ ವಿಚಾರಣೆ ಅವುಗಳಲ್ಲಿ ಸೇರಿವೆ. ಶಿಬಿರದಲ್ಲಿ ದೇಹದ ಅಳತೆ ಸಿಗಬಹುದು. ಮನೆಯ ಹೊಸ್ತಿಲು ಅಲ್ಲಿಗೆ ಕಾಣದು.

ನಮ್ಮ ಧರ್ಮಕೇಂದ್ರಗಳೂ ಈ ದೋಷಕ್ಕೆ ಹೊರತಲ್ಲ. ಹಬ್ಬದಂದು ವೇದಿಕೆಯಲ್ಲಿ ಗಾಲಿಕುರ್ಚಿ ಹಸ್ತಾಂತರಿಸುತ್ತೇವೆ. ಮರುವರ್ಷ ಅದರ ಸ್ಥಿತಿ ವಿಚಾರಿಸುವುದಿಲ್ಲ. ಕುರುಡ ಬಾರ್ತಿಮಾಯನ ಕೊರತೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆದರೂ ಪ್ರಭು ಯೇಸು ಮೊದಲು ಕೇಳಿದ್ದು ಅವನ ಅಪೇಕ್ಷೆಯನ್ನು.

ಪ್ರಿಯ ಕುಟುಂಬಗಳೇ, ನಿಮ್ಮ ಮನೆಯ ಹಿರಿಯರನ್ನು ಇಂದೇ ವಿಚಾರಿಸಿರಿ: ಮೂಲೆ ಸೇರಿದ ಆ ಸಾಧನ ಅವರಿಗೇಕೆ ಒಗ್ಗಲಿಲ್ಲ?