ಮೊಸ್ಕೆನಿ ಮೈಕೆಲೆಂಜೆಲೊ ಅಲ್ಲ

ಮುಂಬೈಯ ರೀಗಲ್ ಸಿನೆಮಾ ಕಡೆಯಿಂದ ಕೊಲಾಬಾದ ಒಳಕ್ಕೆ ಸ್ವಲ್ಪ ನಡೆದರೆ ಎರಡು ಗೋಪುರಗಳ ಹೋಲಿ ನೇಮ್ ಕೆಥೆಡ್ರಲ್ ಸಿಗುತ್ತದೆ. ಫೋರ್ಟಿನ ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ದುಡಿದು ಆಯುಷ್ಯ ಕಳೆದ ದಕ್ಷಿಣ ಕನ್ನಡದ ಎಷ್ಟೋ ಮಂದಿ ಅದರ ಮುಂದೆ ಹಾದು ಹೋಗಿದ್ದಾರೆ. ಅದರ ಒಳಗೋಡೆಗಳಲ್ಲಿ ಚಿತ್ರ ಬರೆದ ಕೈಯೇ ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲೂ ಬರೆದದ್ದು ಎಂದರೆ ಅವರಲ್ಲಿ ಹೆಚ್ಚಿನವರಿಗೆ ಅಚ್ಚರಿಯಾದೀತು. ಊರಿನ ಚಾಪೆಲ್ ಗೊತ್ತು, ರಜೆಗೆ ಹೋದಾಗ ಮಕ್ಕಳಿಗೆ ತೋರಿಸಿಯೂ ಇರುತ್ತಾರೆ. ಬರೆದವನ ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಅದರ ಬದಲು ಬರುವುದು ಒಂದು ಬಿರುದು: ‘ಭಾರತದ ಸಿಸ್ಟೀನ್ ಚಾಪೆಲ್’.

ಈ ಬಿರುದನ್ನು ಕೈಬಿಡುವುದು ಒಳ್ಳೆಯದು. ಪ್ರವಾಸೋದ್ಯಮಕ್ಕೆ ಅದು ಹಿಡಿಸಿರಬಹುದು. ಆದರೆ ಅದು ಹೇಳುವುದಿಷ್ಟೇ: ರೋಮಿನಲ್ಲೊಂದು ಅಸಲಿ ಇದೆ, ಇದು ಅದರ ಬಡ ತಮ್ಮ. ಅದಕ್ಕಿಂತ ಹೆಚ್ಚಾಗಿ, ಹೋಲಿಕೆಯೇ ತಪ್ಪು ಮನುಷ್ಯನ ಜೊತೆ ನಡೆದಿದೆ. 1508ರಿಂದ 1512ರವರೆಗೆ ಸಿಸ್ಟೀನ್ ಛಾವಣಿ ಬರೆದ ಮೈಕೆಲೆಂಜೆಲೊ ಸನ್ಯಾಸಿಯಲ್ಲ. ಪೋಪ್ ಎರಡನೇ ಜೂಲಿಯಸ್‌ನಿಂದ ಹಣ ಪಡೆದು ಕೆಲಸ ಮಾಡಿದ ಕಲಾವಿದ, ಅದೂ ತಾನು ಶಿಲ್ಪಿಯೇ ಹೊರತು ಚಿತ್ರಕಾರನಲ್ಲ ಎಂದು ಗೊಣಗುತ್ತ. ಅಂತೋನಿಯೊ ಮೊಸ್ಕೆನಿ ಬೇರೆಯೇ ಸಾಲಿಗೆ ಸೇರಿದವನು. (ಇಟಾಲಿಯನ್ನಿನಲ್ಲಿ ‘ಚ’ಕಾರದಂತೆ ಕಾಣುವ ಆ ಅಕ್ಷರಗಳನ್ನು ಉಚ್ಚರಿಸುವುದು ‘ಕೆ’ ಎಂದೇ. ಹೆಸರನ್ನಾದರೂ ಸರಿಯಾಗಿ ಕರೆಯೋಣ.)

ಆ ಸಾಲಿನ ಹಿರಿಯ ಫ್ರಾ ಆಂಜೆಲಿಕೊ. ಹದಿನೈದನೇ ಶತಮಾನದ ಡೊಮಿನಿಕನ್ ಸನ್ಯಾಸಿ. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಸುಮಾರು 1438ರ ನಂತರ, ಸಹಾಯಕರನ್ನು ಕಟ್ಟಿಕೊಂಡು, ನಲವತ್ತಕ್ಕೂ ಹೆಚ್ಚು ಕೋಣೆಗಳ ಗೋಡೆಗಳಿಗೆ ಚಿತ್ರ ಬರೆದವನು. ಆ ಚಿತ್ರಗಳು ಯಾತ್ರಿಕರಿಗಾಗಿ ಇದ್ದವಲ್ಲ. ಒಂದು ಕೋಣೆ, ಒಬ್ಬ ಸನ್ಯಾಸಿ, ಒಂದು ಚಿತ್ರ. ಬೆಳಗ್ಗೆ ಎದ್ದವನು ಮೊದಲು ನೋಡಬೇಕಾದ್ದು ಅದನ್ನು. 1455ರಲ್ಲಿ ರೋಮಿನಲ್ಲಿ ತೀರಿಕೊಂಡ ಅವನ ಸಮಾಧಿ ಸಾಂತಾ ಮರಿಯಾ ಸೋಪ್ರಾ ಮಿನೆರ್ವಾ ಇಗರ್ಜಿಯಲ್ಲಿದೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಸಾಂತ್ ಇಗ್ನಾಸಿಯೊ. ಮಂಗಳೂರಿನ ಚಾಪೆಲ್ಲಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗ ಮಲಗಿರುವುದು ಅಲ್ಲೇ. ಅದರ ಛಾವಣಿ ಬರೆದವನು ಅಂದ್ರೆಯಾ ಪೊತ್ಸೊ, ಅವನೂ ಜೆಸ್ವಿಟ್ ಬ್ರದರ್. ಗುಮ್ಮಟವೇ ಇಲ್ಲದ ಆ ಇಗರ್ಜಿಯಲ್ಲಿ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಕಣ್ಣನ್ನು ಮೋಸಗೊಳಿಸಿದ ಅಸಾಮಿ. ಮಂಗಳೂರಿನ ಚಾಪೆಲ್ಲಿನಲ್ಲಿ ಬಣ್ಣವೇ ಉಬ್ಬುಕೆತ್ತನೆಯಂತೆ ಕಾಣುವ ಅಲಂಕಾರವನ್ನು ನೋಡುವಾಗ ನೆನಪಾಗಬೇಕಾದವನು ಇವನು.

‘ಬ್ರದರ್’ ಎಂಬ ಮಾತಿನಲ್ಲೇ ಅರ್ಧ ಕತೆ ಇದೆ. ಕನ್ನಡದಲ್ಲಿ ಕ್ರೈಸ್ತ ಸನ್ಯಾಸಿ ಎಂದೊಡನೆ ‘ಪಾದ್ರಿ’ ಎಂದುಬಿಡುವ ರೂಢಿ. ಮೊಸ್ಕೆನಿ ಪಾದ್ರಿಯಲ್ಲ, ಪೂಜೆ ಅರ್ಪಿಸುವ ಅಧಿಕಾರ ಅವನಿಗಿರಲಿಲ್ಲ. ಯೇಸುಸಭೆಯಲ್ಲಿ ಬ್ರದರುಗಳೆಂದರೆ ಅಡುಗೆ, ಹೊಲಿಗೆ, ಮರಗೆಲಸ, ಕಟ್ಟಡದ ಉಸ್ತುವಾರಿ ನೋಡಿಕೊಂಡವರು. ಚಿತ್ರ ಬರೆಯುವುದೂ ಅಂಥದೇ ಒಂದು ಸೇವೆ. ಬಡತನದ ವ್ರತ ತೊಟ್ಟವನಿಗೆ ಸಂಭಾವನೆ ಎಂಬುದಿಲ್ಲ. ಎಲ್ಲಿಗೆ ಹೋಗೆಂದರೆ ಅಲ್ಲಿಗೆ ಹೋಗಬೇಕು.

1854ರಲ್ಲಿ ಬೆರ್ಗಾಮೊ ಬಳಿಯ ಸ್ತೆಜ್ಜಾನೊದಲ್ಲಿ ಹುಟ್ಟಿ, ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಕಲಿತು, ರೋಮಿನಲ್ಲಿ ಹಳಬರ ಕೆಲಸ ನೋಡಿ, ಕೈ ಪಳಗಿದ ಮೇಲೆ 1889ರಲ್ಲಿ ಮೊಸ್ಕೆನಿ ಸಭೆ ಸೇರಿದ. ಆಗ ವಯಸ್ಸು ಮೂವತ್ತೈದು. ಮಂಗಳೂರಿನ ಮಿಷನ್ ಇಟಲಿಯ ಜೆಸ್ವಿಟರ ಕೈಯಲ್ಲಿತ್ತು. ಕಾಲೇಜು 1880ರಲ್ಲಿ ಶುರುವಾಗಿತ್ತು, ಚಾಪೆಲ್ ಕಟ್ಟಿಯೂ ಆಗಿತ್ತು, ಗೋಡೆಗಳು ಬೋಳಾಗಿದ್ದವು. 1901ರ ಹೊತ್ತಿಗೆ, ಸುಮಾರು ಎರಡೂವರೆ ವರ್ಷದಲ್ಲಿ, ಅವನು ಅವನ್ನೆಲ್ಲ ತುಂಬಿಸಿದ.

ಫ್ರೆಸ್ಕೊ ಎಂದರೆ ಗೋಡೆಯ ಮೇಲಿನ ಯಾವ ಚಿತ್ರವಾದರೂ ಆದೀತು ಎಂಬಂತೆ ಬಳಸುತ್ತೇವೆ. ಅದು ಹಸಿಗಾರೆಯ ಕೆಲಸ. ಆ ದಿನ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ ಸುಣ್ಣದ ಗಾರೆ ಮೆತ್ತಿ, ಒದ್ದೆ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವೂ ಆ ಕಲ್ಲಿನೊಳಗೆ ಸೇರಿಹೋಗುತ್ತದೆ. ತಪ್ಪಿದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಮತ್ತೆ ಗಾರೆ. ಮಂಗಳೂರಿನ ಮಳೆಗಾಲ ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಚಾಪೆಲ್ಲಿನಲ್ಲಿ ಕ್ಯಾನ್ವಾಸಿನ ಮೇಲೆ ತೈಲಬಣ್ಣದಲ್ಲಿ ಬರೆದ ಚಿತ್ರಗಳೂ ಇವೆ. ಎರಡಕ್ಕೂ ಬರುವ ರೋಗ ಬೇರೆ, ಮದ್ದು ಬೇರೆ. ಆದ್ದರಿಂದ ಎಲ್ಲವನ್ನೂ ‘ಭಿತ್ತಿಚಿತ್ರ’ ಎಂದು ಒಂದೇ ಬುಟ್ಟಿಗೆ ಹಾಕುವುದು ಬರೀ ಪದದ ತಪ್ಪಲ್ಲ.

ಅಲೋಶಿಯಸ್ 1591ರಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ರೋಮಿನ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸತ್ತವನು. ಆ ಆರೈಕೆಯೂ ಮಂಗಳೂರಿನ ಚಿತ್ರಗಳಲ್ಲಿದೆ. ಅದನ್ನು ನಾಲ್ಕು ಶತಮಾನ ಹಿಂದಿನ ಸಂತಚರಿತ್ರೆ ಎಂದು ನೋಡಿ ಮುಂದೆ ಹೋಗುತ್ತೇವೆ. ಆದರೆ 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗ್, ಮೊಸ್ಕೆನಿ ಮಂಗಳೂರಿನಲ್ಲಿ ಬರೆಯುತ್ತಿದ್ದಾಗಲೂ ಆ ನಗರವನ್ನು ಬಿಟ್ಟಿರಲಿಲ್ಲ. ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಕೂತ ಹುಡುಗರಿಗೆ ಆ ಚಿತ್ರ ಹಳೆಯ ಕತೆಯಾಗಿರಲು ಸಾಧ್ಯವಿಲ್ಲ. ಸಿಸ್ಟೀನ್ ಹೋಲಿಕೆಯಲ್ಲಿ ಕಳೆದುಹೋಗುವುದು ಇದೇ: ಯಾರು, ಯಾರಿಗಾಗಿ, ಯಾವಾಗ ಬರೆದರು ಎಂಬುದು.

ಮಂಗಳೂರಿನ ನಂತರ ಅವನಿಗೆ ಉಳಿದದ್ದು ನಾಲ್ಕು ವರ್ಷ. ಮುಂಬೈಯ ಜೆಸ್ವಿಟರು ಬಹುಪಾಲು ಜರ್ಮನರು, ಮಂಗಳೂರಿನವರು ಇಟಲಿಯವರು. ಆದರೂ ಈ ಬ್ರದರಿನ ಕುಂಚ ಮುಂಬೈಗೂ ಬಂತು. ಕೊಲಾಬಾದ ಇಗರ್ಜಿ ಸಿದ್ಧವಾದದ್ದು 1905ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಯ ಕೆಲಸದಲ್ಲಿದ್ದಾಗ, ಅದರ ಪ್ರತಿಷ್ಠಾಪನೆಗೆ ಕೆಲವೇ ದಿನ ಇರುವಾಗ, ಆಮಶಂಕೆಯಿಂದ ತೀರಿಕೊಂಡ. ವಯಸ್ಸು ಐವತ್ತೊಂದು.

ಮೂರು ಊರು, ಮೂರೂ ಅರಬ್ಬೀ ಸಮುದ್ರದ ದಂಡೆಯವು. ಈ ಗಾಳಿಯಲ್ಲಿ ಗೋಡೆಗೆ ಶತ್ರು ಉಪ್ಪು. ತೇವದ ಜೊತೆ ಗಾರೆಯೊಳಗೆ ಸೇರಿದ ಉಪ್ಪು ತೇವ ಆರಿದಾಗ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ಎಬ್ಬಿಸುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗುವ ದಾರಿ ಮುಚ್ಚಿ ಇನ್ನಷ್ಟು ಕೆಡುತ್ತದೆ. ಮಂಗಳೂರಿನ ಚಾಪೆಲ್ಲಿಗೆ 1991ರಿಂದ 1994ರವರೆಗೆ ಇಂಟ್ಯಾಕ್ ತಜ್ಞರ ಚಿಕಿತ್ಸೆ ಸಿಕ್ಕಿತು. ಕರಾವಳಿಯ ಉಳಿದ ಗೋಡೆಗಳಿಗೆ, ದೇವಸ್ಥಾನವಿರಲಿ, ಇಗರ್ಜಿಯಿರಲಿ, ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಹಬ್ಬಕ್ಕೆ ಮೊದಲಿನ ಎನಾಮೆಲ್ ಪೇಂಟು. ಅದನ್ನು ಭಕ್ತರೇ ಚಂದಾ ಎತ್ತಿ, ಪ್ರೀತಿಯಿಂದಲೇ ಬಳಿಸುತ್ತಾರೆ. ತಡೆಯುವುದು ಕಷ್ಟವಾಗುವುದು ಅದಕ್ಕೇ.

ಮಹಾಕಲಾವಿದನ ನಕಲು ಎಂದುಕೊಂಡವರು ಬಂದು ಬೆರಗಾಗಿ, ಫೋಟೊ ತೆಗೆದು ಹೋಗುತ್ತಾರೆ. ಸುಣ್ಣ ಕಲಸಿ ಗೋಡೆ ಕಾಯ್ದ ಕೆಲಸಗಾರನೊಬ್ಬನದು ಎಂದು ತಿಳಿದವರು ಛಾವಣಿ ಎಲ್ಲಿ ಸೋರುತ್ತದೆ ಎಂದೂ ಕೇಳಿಯಾರು. ಮುಂಬೈಯ ಕನ್ನಡ ಸಂಘಗಳು, ಮಂಗಳೂರು ಮೂಲದ ಕೊಂಕಣಿ, ತುಳು ಸಂಘಗಳು ವರ್ಷವಿಡೀ ಕಾರ್ಯಕ್ರಮ ನಡೆಸುತ್ತವೆ. ಅವುಗಳಲ್ಲೊಂದು ಮಳೆಗಾಲದ ಮುಂಚೆ ಒಂದು ಭಾನುವಾರ ಸದಸ್ಯರನ್ನು ಕೊಲಾಬಾಕ್ಕೆ ಕರೆದೊಯ್ಯಲಿ, ಜೊತೆಗೆ ಹಳೆಯ ಗಾರೆ ಬಲ್ಲ ಒಬ್ಬರನ್ನೂ. ಭಾಷಣ ಬೇಡ. ಗೋಡೆ ನೋಡಿದರೆ ಸಾಕು.